ಬೆನ್ನ ಹಿಂದಿನ ಪೆನ್ನುಗಳು

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆ ಎಂದಿನಂತೆ ಐದೂವರೆಗೆ ಎದ್ದು ಅವಲಕ್ಕಿ ನೆನೆಹಾಕಿದರು. ನಾನು ಎಂದಿನಂತೆ ಸ್ನಾನ ಮಾಡಿ, ಶಾಲೆಗೆ ಉಡುವ ಸೀರೆಗಳಲ್ಲಿ ಒಂದನ್ನು ತೆಗೆದು ಉಟ್ಟೆ. ತಟ್ಟೆ ಮುಂದಿಡುತ್ತ ಅತ್ತೆ, "ಏನಾದ್ರೂ ಬಂತೇನೇ?" ಎಂದು ಕೇಳಿದರು.

"ಇಲ್ಲ ಅತ್ತೆ."

"ನಂಗೂ ಬಂದಿಲ್ಲ. ನಿನ್ನೆ ಹೊಲಿಗೆ ಮಿಷನ್ ತುಳಿದು ನೋಡ್ದೆ. ಚದುರಂಗದ ಮಣೆ ಹರಡ್ಕೊಂಡು ಕೂತೆ, ಕುದುರೆ ಯಾವುದು ಅಂತಾನೇ ಗೊತ್ತಾಗ್ಲಿಲ್ಲ. ಹಿತ್ತಲಲ್ಲಿ ನಿಂತು ಹಾಡಿ ನೋಡ್ದೆ. ಪಕ್ಕದ ಮನೆಯವರು ಓಡಿ ಬಂದು ಸಮಾಧಾನ ಮಾಡಿ ಹೋದ್ರು."

ಇದು ನಗುವ ಜಾಗ ಎಂದು ನನಗೆ ಗೊತ್ತಾಯಿತು. ನಗು ಬರಲಿಲ್ಲ. ಆ ಹದಿಮೂರು ದಿನ ಅಳುವಿನ ವಿಷಯದಲ್ಲೂ ಹೀಗೆಯೇ ಆಗಿತ್ತು.

ನಮ್ಮ ಊರಿನಲ್ಲಿ ಸಾವಿನ ಮನೆಯವರನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಇಲ್ಲಿ ದೊಡ್ಡವರು ದೊಡ್ಡವರಿಗೆ ಏನನ್ನಾದರೂ ಕಲಿಸಿದರೆ, ಕಲಿಸಿದವರಿಂದ ಅದು ಹೋಗಿಬಿಡುತ್ತದೆ. ಕಲಿತವರು ಕೂತು ವಾಪಸು ಕಲಿಸಿಕೊಟ್ಟಾಗಲೇ ಮರಳುವುದು. ಹಾಗಾಗಿ ನಾವು ಅದನ್ನು ಕಲಿಯುವುದು ಎನ್ನುವುದಿಲ್ಲ, ಕಡ ತರುವುದು ಎನ್ನುತ್ತೇವೆ. ಮಗಳ ಮದುವೆಗೆಂದು ಚಿರೋಟಿ ಮಾಡುವ ಕೈಯನ್ನು ಮೂರನೆಯ ಮನೆಯಿಂದ ಕಡ ತಂದರೆ, ಮದುವೆ ಮುಗಿಯುವ ತನಕ ಆ ಮೂರನೆಯ ಮನೆಯಲ್ಲಿ ಚಿರೋಟಿ ಇಲ್ಲ. ಈಜು ಕಡ ಕೊಟ್ಟವರು ಕೆರೆ ಏರಿಯ ಮೇಲೆ ಹುಷಾರಾಗಿ ನಡೆಯುತ್ತಾರೆ. ಸತ್ತವರ ಸ್ವಂತದ್ದು ಅವರ ಜೊತೆಗೇ ಹೋಗುತ್ತದೆ. ಕಡ ತಂದದ್ದು ಮಾತ್ರ ಮನೆಯಲ್ಲಿ ಯಾರಿಗಾದರೂ ಬಂದು ಸೇರುತ್ತದೆ. ಅದನ್ನು ಹುಡುಕಿ ಕೊಟ್ಟವರಿಗೆ ಮುಟ್ಟಿಸುವುದು ಮನೆಯವರ ಕೆಲಸ. ಕೊಟ್ಟವರು ಬಾಯಿಬಿಟ್ಟು ಕೇಳುವಂತಿಲ್ಲ. ಕೇಳಿ ಪಡೆದರೆ ಅರ್ಧವೇ ಮರಳುತ್ತದೆ. ಅದಕ್ಕೇ ನಮ್ಮ ಊರಿನವರಿಗೆ ಕಾಯುವುದು ಚೆನ್ನಾಗಿ ಗೊತ್ತು.

ಮಕ್ಕಳ ಮಾತು ಬೇರೆ. ಮಕ್ಕಳಿಗೆ ಎಷ್ಟು ಕಲಿಸಿದರೂ ನಮ್ಮಿಂದ ಏನೂ ಕಡಿಮೆಯಾಗುವುದಿಲ್ಲ. ನಮ್ಮಲ್ಲಿ ಮೇಷ್ಟ್ರಾಗಲು ಎಲ್ಲರಿಗೂ ಆಸೆ ಇರುವುದು ಇದೇ ಕಾರಣಕ್ಕೆ. ನಾನು ಎಂ.ಎ. ಓದಲು ಹೊರಗಿನ ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದೆ. ಅಲ್ಲಿ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಅರವತ್ತು ಜನಕ್ಕೆ ಒಟ್ಟಿಗೆ ಪಾಠ ಮಾಡಿ, ಮರುದಿನವೂ ಅದೆಲ್ಲವನ್ನೂ ಬಲ್ಲವರಾಗಿಯೇ ಬರುತ್ತಿದ್ದರು. ಮೊದಲ ಒಂದು ತಿಂಗಳು ನಾನು ನೋಟ್ಸ್ ಬರೆದುಕೊಳ್ಳಲೂ ಹಿಂಜರಿದೆ. ಪಾಪ, ಈ ವಯಸ್ಸಿನಲ್ಲಿ ಅವರಿಂದ ಕಿತ್ತುಕೊಳ್ಳುವುದೇ ಅನ್ನಿಸುತ್ತಿತ್ತು.

ನನ್ನ ಗಂಡ ಯೋಗಾನಂದ ಜ್ವರವೆಂದು ಮಲಗಿ ನಾಲ್ಕನೆಯ ದಿನ ತೀರಿಕೊಂಡರು. ಅವರಿಗೆ ಮೂವತ್ತನಾಲ್ಕು. ಮದುವೆಯಾಗಿ ಮೂರು ವರ್ಷ. ನಾವಿಬ್ಬರೂ ಒಂದೇ ಶಾಲೆಯಲ್ಲಿದ್ದೆವು. ಅವರು ಗಣಿತ, ನಾನು ಸಮಾಜ.

ಆ ಬೆಳಿಗ್ಗೆ ಏಳನೆಯ ತರಗತಿಯ ಮಕ್ಕಳು ನಾನು ಒಳಗೆ ಬಂದಾಗ ಎದ್ದು ನಿಂತು, ಕೂರಲು ಮರೆತರು. ನಾನೇ ಕೂರಿಸಿದೆ. ಮಾತು ಬೇಡವೆನ್ನಿಸಿ ಬೋರ್ಡಿನ ಕಡೆ ತಿರುಗಿ ನದಿ ಕಣಿವೆಯ ನಾಗರಿಕತೆಗಳ ಟಿಪ್ಪಣಿ ಬರೆಯತೊಡಗಿದೆ. ಮಕ್ಕಳು ಬರೆದುಕೊಳ್ಳತೊಡಗಿದರು. ಮೂವತ್ತೆಂಟು ಪೆನ್ನುಗಳ ಸದ್ದು. ಎಂಟು ವರ್ಷದಿಂದ ಕೇಳುತ್ತಿರುವ ಸದ್ದೇ. ಮೂರನೆಯ ಸಾಲು ಬರೆಯುವ ಹೊತ್ತಿಗೆ ಅದು ಬಿಡಿಬಿಡಿಯಾಯಿತು. ಅರ್ಥವಾದ ಮಗುವಿನ ಪೆನ್ನು ಪದ ಪದವಾಗಿ ಓಡುತ್ತದೆ. ಅರ್ಥವಾಗದ ಮಗುವಿನದು ಅಕ್ಷರ ಅಕ್ಷರವಾಗಿ ನಡೆಯುತ್ತದೆ, ಪ್ರತಿ ಅಕ್ಷರಕ್ಕೂ ಕತ್ತೆತ್ತಿ ಬೋರ್ಡು ನೋಡಬೇಕಲ್ಲ. ಹಾಗೆ ನಡೆಯುವ ಹನ್ನೊಂದು ಪೆನ್ನುಗಳಿದ್ದವು. ಕಿಟಕಿ ಪಕ್ಕದಲ್ಲೊಂದು ಪೂರ್ತಿ ನಿಂತಿತ್ತು.

"ಸಹನಾ, ಕಣಿವೆ ಅಂದ್ರೆ ಏನು ಅಂತ ಗೊತ್ತಾಗ್ಲಿಲ್ವಾ?" ಎಂದೆ, ಬೋರ್ಡಿನ ಕಡೆಯೇ ನೋಡುತ್ತ.

ಬೆನ್ನ ಹಿಂದೆ ಯಾರೋ ಸಣ್ಣಗೆ, "ಅಯ್ಯೋ, ಸಾರ್ ಹಾಗೇ ಕಣ್ರೋ," ಎಂದರು.

ಹೌದು, ಯೋಗಾನಂದ ಹಾಗೇ. ಬೆನ್ನು ತಿರುಗಿಸಿಕೊಂಡು ಲೆಕ್ಕ ಬಿಡಿಸುತ್ತಲೇ, "ನಾಲ್ಕನೇ ಬೆಂಚು, ಅಲ್ಲಿ ಯಾಕೆ ನಿಂತೆ ಮರಿ? ಮೇಲಿನ ಸಾಲು ಇನ್ನೊಂದ್ಸಲ ನೋಡು," ಎನ್ನುತ್ತಿದ್ದರು. ಮಕ್ಕಳು ಅವರ ತಲೆಯ ಹಿಂಭಾಗದಲ್ಲಿ ಕಣ್ಣಿದೆಯೇ ಎಂದು ಕೂದಲು ಸರಿಸಿ ನೋಡಲು ಒಮ್ಮೆ ಅನುಮತಿ ಕೇಳಿದ್ದರು. ಇವರು ಕುರ್ಚಿಯಲ್ಲಿ ತಲೆಬಗ್ಗಿಸಿ ಕೂತು ಸಾಲಾಗಿ ಬಂದು ನೋಡಲು ಬಿಟ್ಟಿದ್ದರು. ಮನೆಯಲ್ಲೂ ಅಷ್ಟೇ. ನಾನು ಈರುಳ್ಳಿ ಹೆಚ್ಚುವ ಸದ್ದಿಗೆ ಹೊರಗಿನ ಕೋಣೆಯಿಂದ, "ಹೆಡ್‌ಮಾಸ್ಟ್ರು ಏನಂದ್ರು?" ಎಂದು ಕೇಳುತ್ತಿದ್ದರು. ನಾನು ಹೆಚ್ಚು ಮಾತಾಡುವವಳಲ್ಲ. ಮಾತಾಡದೆಯೇ ಒಬ್ಬರಿಗೆ ಅರ್ಥವಾಗುವುದು ಎಂಥ ಸುಖವೆಂದು ಮೂರು ವರ್ಷ ಗೊತ್ತಿತ್ತು.

ಸೀಮೆಸುಣ್ಣ ಹಿಡಿದು ನಿಂತಿದ್ದಾಗಲೇ ಎರಡೂ ತಿಳಿದವು. ಇದು ನನಗೆ ಬಂದಿದೆ. ನನಗೆ ಬಂದಿದೆಯೆಂದರೆ ಇದು ಅವರದ್ದಾಗಿರಲಿಲ್ಲ.

ಸಂಜೆ ಅತ್ತೆ ಮತ್ತೆ ಕೇಳಿದರು, "ಏನಾದ್ರೂ ಬಂತೇನೇ?"

"ಇಲ್ಲ," ಎಂದೆ. ಅತ್ತೆಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಕೊಡಬೇಕೆಂದು ಗೊತ್ತಿತ್ತು, ಕೊಡಲು ಮನಸ್ಸಿರಲಿಲ್ಲ, ಅಷ್ಟೇ. ಯಾರದ್ದೆಂದು ಗೊತ್ತಿಲ್ಲವಲ್ಲ ಎಂಬ ನೆಪ ಇತ್ತು. ದಿನಾ ಶಾಲೆಗೆ ಹೋಗುತ್ತಿದ್ದೆ. ಬೋರ್ಡಿನ ಕಡೆ ತಿರುಗಿ ನಿಂತ ನಲವತ್ತು ನಿಮಿಷ ನಾನು ಅವರು ನಿಲ್ಲುತ್ತಿದ್ದ ಹಾಗೆ ನಿಂತಿರುತ್ತಿದ್ದೆ, ಅವರಿಗೆ ಕೇಳಿಸುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಎಂಟು ವರ್ಷ ನಾನು ಸುಮಾರಾದ ಶಿಕ್ಷಕಿಯಾಗಿದ್ದೆ. ವಿಷಯ ಗೊತ್ತಿತ್ತು, ಮಕ್ಕಳಿಗೆ ಅದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆಂದು ಗೊತ್ತಿರಲಿಲ್ಲ. ಈಗ ಗೊತ್ತಾಗುತ್ತಿತ್ತು. ಸಹನಾ ಕಿರುಪರೀಕ್ಷೆಯಲ್ಲಿ ಮೊದಲ ಸಲ ಪಾಸಾದಳು.

ಡಿಸೆಂಬರಿನಲ್ಲಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಅದರ ಹಿಂದೆಯೇ ಮೂರು ದಿನದ ತರಬೇತಿ ಕೊಡಲು ಭಾರ್ಗವ ಎಂಬ ಯುವಕ ಹೊರಗಿನಿಂದ ಬಂದ. ಕುತ್ತಿಗೆಯಲ್ಲಿ ಐಡಿ ಕಾರ್ಡು, ಮುಖದ ತುಂಬ ಉತ್ಸಾಹ. ನಮ್ಮ ಹೆಡ್‌ಮಾಸ್ಟರ್ ಪಾಲಾಕ್ಷಪ್ಪನವರು ಮೊದಲೇ ಅವನನ್ನು ಪಕ್ಕಕ್ಕೆ ಕರೆದರು. "ನೋಡಿ ಸಾರ್, ನಮ್ಮೂರು ಒಂಚೂರು ಬೇರೆ ಥರ. ಯಾರಾದ್ರೂ ಒಬ್ಬರಿಗೆ ಮಾತ್ರ ಕಲಿಸಿ. ಸಾಯಂಕಾಲ ವಾಪಸ್ ಇಸ್ಕೊಂಡು ಬಸ್ ಹತ್ತಿಬಿಡಿ."

"ಸಾರ್, ನಾನು ನಲವತ್ತು ಸ್ಕೂಲಲ್ಲಿ ಟ್ರೈನಿಂಗ್ ಕೊಟ್ಟಿದೀನಿ. ಎಲ್ಲಾ ಕಡೆ ಹಿಂಗೇ ಒಂದೊಂದು ನೆಪ ಹೇಳ್ತಾರೆ. ಹೆದರ್ಕೋಬೇಡಿ, ತುಂಬಾ ಸುಲಭ," ಎಂದ ಭಾರ್ಗವ.

ಕಣ್ಣು ಸರಿಯಿಲ್ಲದ ಕಾರಣ ಮುಂದಿನ ಕುರ್ಚಿಯಲ್ಲಿ ನಮ್ಮ ಆಟದ ಮೇಷ್ಟ್ರು ಹನೀಫ್ ಕೂತಿದ್ದರು. ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡದ್ದು ಅವರೊಬ್ಬರೇ. ಹನ್ನೊಂದೂವರೆಯ ಹೊತ್ತಿಗೆ ಭಾರ್ಗವ ವಾಕ್ಯದ ನಡುವೆ ನಿಂತ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಪರದೆಯ ಕಡೆ ನೋಡಿದ, ತನ್ನ ಬೆರಳಿನ ಕಡೆ ನೋಡಿದ. ಹನೀಫ್ ಮೇಷ್ಟ್ರು ಎದ್ದು ಬಂದು ನಿಧಾನವಾಗಿ, "ಇಲ್ಲಿ ಒತ್ತಿದ್ರೆ ಬಣ್ಣ ಬರುತ್ತೆ ಸಾರ್," ಎಂದರು.

"ಹೌದಾ!" ಎಂದ ಭಾರ್ಗವ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಅದನ್ನು ಅವನಿಗೆ ವಾಪಸು ಕೊಡುವ ಹೊತ್ತಿಗೆ ಮೂರು ಗಂಟೆಯಾಯಿತು. ಹನೀಫ್ ಮೇಷ್ಟ್ರಿಗೆ ಸೀಟಿ ಊದದೆ ಕಲಿಸಿ ಅಭ್ಯಾಸವಿರಲಿಲ್ಲ. ಎರಡನೆಯ ದಿನ ಭಾರ್ಗವ ಎಚ್ಚರಿಕೆಯಿಂದ ಎಲ್ಲರ ಮುಖವನ್ನೂ ಸಮನಾಗಿ ನೋಡುತ್ತ ಕಲಿಸಿದ. ಆಗ ಅದು ಇಪ್ಪತ್ತೆರಡು ಜನಕ್ಕೆ ಹಂಚಿಹೋಯಿತು. ಒಬ್ಬರಿಗೆ ಬೋರ್ಡ್ ಆನ್ ಮಾಡಲು ಬಂತು, ಒಬ್ಬರಿಗೆ ಗೆರೆ ಎಳೆಯಲು, ಒಬ್ಬರಿಗೆ ಎಳೆದ ಗೆರೆಯನ್ನು ಅಳಿಸಲು. ನನಗೆ ಬಂದದ್ದು ಶಬ್ದ ಕಡಿಮೆ ಮಾಡುವುದು. ಒಂದು ತ್ರಿಕೋನ ಮೂಡಿಸಲು ಒಂಬತ್ತು ಜನ ಸಾಲಾಗಿ ನಿಲ್ಲಬೇಕಾಯಿತು. ತ್ರಿಕೋನ ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಭಾರ್ಗವ ಮೂಲೆಯ ಸ್ಟೂಲಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ. ಪಾಲಾಕ್ಷಪ್ಪನವರು ಅವನಿಗೆ ಟೀ ತರಿಸಿ, "ಚಿಂತೆ ಮಾಡ್ಬೇಡಿ, ಎಲ್ಲಾ ಚೂರೂ ನಮ್ಮಲ್ಲೇ ಇದೆ, ಎಲ್ಲೂ ಹೋಗಲ್ಲ," ಎಂದರು.

ಮೂರನೆಯ ದಿನ ನಾವು ಚೂರುಗಳನ್ನು ಅವನಿಗೆ ವಾಪಸು ಕಲಿಸಿಕೊಟ್ಟೆವು, ಗಡಿಬಿಡಿಯಲ್ಲಿ ನನ್ನದೊಂದು ಉಳಿದುಹೋಯಿತು. ಆಮೇಲೆ ಅವನು ಏಳನೆಯ ತರಗತಿಯ ಮಕ್ಕಳಿಗೇ ಕಲಿಸಿ ಹೋದ. ಅಂದಿನಿಂದ ಮಕ್ಕಳೇ ಸ್ಮಾರ್ಟ್ ಬೋರ್ಡ್ ನಡೆಸುತ್ತಾರೆ, ನಾವು ಪಕ್ಕದಲ್ಲಿ ನಿಂತಿರುತ್ತೇವೆ. ಮಕ್ಕಳಿಂದಲೇ ಕಲಿತುಬಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ದೊಡ್ಡವರು ಮಕ್ಕಳಿಂದ ಕಲಿಯುವುದಿಲ್ಲ. ಇದು ನಮ್ಮ ಊರಿನ ನಿಯಮವೇನಲ್ಲ, ಎಲ್ಲ ಕಡೆಯೂ ಹೀಗೇ ಎಂದು ಕೇಳಿದ್ದೇನೆ.

ನನಗೆ ಆ ಬೋರ್ಡಿನ ಮೇಲೆ ಸಿಟ್ಟೇನೂ ಇಲ್ಲ. ಹರಪ್ಪದ ಇಟ್ಟಿಗೆಯ ಬೀದಿಯನ್ನು ಅದರಲ್ಲಿ ತೋರಿಸಿದ ದಿನ ಮಕ್ಕಳ ಬಾಯಿ ತೆರೆದೇ ಇತ್ತು. ಆದರೆ ಅದರ ಮುಂದೆ ಯಾರೂ ಬರೆಯುವುದಿಲ್ಲ. ಎಲ್ಲರೂ ನೋಡುತ್ತಾರೆ. ಮೂವತ್ತೆಂಟು ಮಕ್ಕಳ ಕೋಣೆ ಪೆನ್ನಿನ ಸದ್ದೇ ಇಲ್ಲದೆ ತಣ್ಣಗಾಗುತ್ತದೆ, ಯಾರು ಎಲ್ಲಿ ಉಳಿದರೆಂದು ನನಗೆ ಕೇಳಿಸುವುದಿಲ್ಲ.

ಅದಕ್ಕೂ ಕಂಪನಿಯವರು ಒಂದು ಉಪಾಯ ಮಾಡಿದ್ದರು. ಪ್ರತಿ ಮಗುವಿಗೂ ಎರಡು ಗುಂಡಿಯ ಪುಟ್ಟ ರಿಮೋಟ್. ಅರ್ಥವಾದರೆ ಹಸಿರು ಒತ್ತಬೇಕು, ಇಲ್ಲದಿದ್ದರೆ ಕೆಂಪು. ಪರದೆಯ ಮೇಲೆ ಮೂವತ್ತೆಂಟು ಚುಕ್ಕೆ ಮೂಡುತ್ತವೆ. ಈ ಚುಕ್ಕೆಗಳನ್ನು ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವರು ಗಿರಿಜಾಂಬಾ ಟೀಚರ್.

ಗಿರಿಜಾಂಬಾ ಟೀಚರ್ ಹಿರಿಯ ಗಣಿತ ಶಿಕ್ಷಕಿ. ಐವತ್ತೊಂಬತ್ತು ತುಂಬಿ ಅರವತ್ತಕ್ಕೆ ಕಾಲಿಟ್ಟವರು, ಮಾರ್ಚ್ ಕೊನೆಗೆ ನಿವೃತ್ತಿ. ನಾನು ಕೆಲಸಕ್ಕೆ ಸೇರಿದಾಗಿನಿಂದ ಅವರ ಪಾಠ ಗೋಡೆಗೆ ಹೇಳಿದ ಹಾಗೆಯೇ ಇರುತ್ತಿತ್ತು. ಬಂದು, ಬೋರ್ಡು ತುಂಬಿಸಿ, ಗಂಟೆ ಹೊಡೆದಾಗ ಹೋಗುತ್ತಿದ್ದರು. ಮಕ್ಕಳು ಅವರನ್ನು 'ರೇಡಿಯೋ ಟೀಚರ್' ಎನ್ನುತ್ತಿದ್ದರು. ಹಳಬರು ಮಾತ್ರ, ಮುಂಚೆ ಹೀಗಿರಲಿಲ್ಲ ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅಂಥವರು ಈಗ ಊಟದ ಬಿಡುವಿನಲ್ಲೂ ಸ್ಮಾರ್ಟ್ ಬೋರ್ಡಿನ ಕೋಣೆಯಲ್ಲಿ ಕೂತಿರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಹನೀಫ್ ಮೇಷ್ಟ್ರು, "ಏನ್ ಟೀಚರ್, ಇನ್ನು ಮೂರು ತಿಂಗಳಿಗೆ ಹೊಸ ಪ್ರೀತಿ?" ಎಂದು ಕೆಣಕಿದರೆ, "ಹೊಟ್ಟೆಕಿಚ್ಚು ಪಡ್ಬೇಡಿ ಮೇಷ್ಟ್ರೇ, ನಿಮ್ಮ ಸೀಟಿ ಯಾರೂ ಕಿತ್ಕೊಳಲ್ಲ," ಎನ್ನುತ್ತಿದ್ದರು.

ಜನವರಿಯ ಒಂದು ಮಧ್ಯಾಹ್ನ ಏಳನೆಯ ತರಗತಿಗೆ ಅವರು ಭಿನ್ನರಾಶಿಯ ಭಾಗಾಕಾರ ಮಾಡುತ್ತಿದ್ದರು. ಅವತ್ತು ಪರದೆ ಸಾಲದೆಂದು ಪಕ್ಕದ ಕರಿಹಲಗೆಯ ಮೇಲೂ ಬರೆದು, ಮಕ್ಕಳಿಗೆ ಬರೆದುಕೊಳ್ಳಲು ಹೇಳಿದ್ದರು. ಶಬ್ದ ಕಡಿಮೆ ಮಾಡುವ ಚೂರು ನನ್ನಲ್ಲೇ ಉಳಿದಿದ್ದರಿಂದ ನನ್ನನ್ನು ಕರೆಸಿದ್ದರು. ಮಕ್ಕಳು ಅದನ್ನೂ ತಾವೇ ಕಂಡುಕೊಂಡಿದ್ದರು, ಆದರೆ ಟೀಚರಿಗೆ ಎಲ್ಲವೂ ಕ್ರಮವಾಗಿ ಆಗಬೇಕು. ನಾನು ಹಿಂದೆ ನಿಂತಿದ್ದೆ. ಪಾಠ ಮುಗಿಸಿ, "ಎಲ್ಲರೂ ಒತ್ತಿ," ಎಂದರು. ಮಕ್ಕಳು ಅಕ್ಕಪಕ್ಕದವರ ಬೆರಳು ನೋಡಿ ಒತ್ತಿದರು. ಪರದೆಯ ತುಂಬ ಹಸಿರು ಚುಕ್ಕೆ. ಮಕ್ಕಳು ಹೊರಗೆ ಹೋದ ಮೇಲೂ ಗಿರಿಜಾಂಬಾ ಟೀಚರ್ ಆ ಚುಕ್ಕೆಗಳ ಮುಂದೆ ನಿಂತಿದ್ದರು. "ನೋಡೇ ವಸು, ಒಂದಾದ್ರೂ ಕೆಂಪು ಇದೆಯಾ? ಮೂವತ್ತೆಂಟಕ್ಕೆ ಮೂವತ್ತೆಂಟು!"

ನನಗೆ ಪೆನ್ನುಗಳು ಕೇಳಿಸಿದ್ದವು. ಇಪ್ಪತ್ತೆರಡು ಮಕ್ಕಳಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ.

"ಹೌದು ಟೀಚರ್," ಎಂದೆ.

"ಎಷ್ಟು ಸಲೀಸು ಮಾಡ್ಬಿಟ್ರು ನೋಡು. ಯಾರಿಗೆ ಗೊತ್ತಾಗಿಲ್ಲ ಅಂತ ಅದೇ ಹೇಳುತ್ತೆ." ಚುಕ್ಕೆಯೊಂದನ್ನು ಬೆರಳ ತುದಿಯಿಂದ ಮುಟ್ಟಿದರು. "ನಂಗೂ ಮುಂಚೆ ಗೊತ್ತಾಗ್ತಿತ್ತು ಕಣೇ. ಹೆಂಗೆ ಗೊತ್ತಾಗ್ತಿತ್ತು ಅಂತ ಈಗ ಗೊತ್ತಿಲ್ಲ. ಅಂತೂ ಗೊತ್ತಾಗ್ತಿತ್ತು." ಹೇಳಿದ ಕೂಡಲೇ ತುಟಿ ಕಚ್ಚಿಕೊಂಡರು. ಕೇಳಿದಂತಾಯಿತೇನೋ ಎಂಬ ಭಯ ಅವರ ಮುಖದಲ್ಲಿ ಬಂದು ಹೋಯಿತು. ಬೇಗಬೇಗ ರಿಮೋಟುಗಳನ್ನು ಪೆಟ್ಟಿಗೆಗೆ ತುಂಬಿ ಹೊರಟರು.

ಆಮೇಲೆ ನನಗೆ ನೆಪ ಉಳಿಯಲಿಲ್ಲ. ಆದರೂ ಜನವರಿ ಕಳೆಯಿತು, ಫೆಬ್ರವರಿ ಅರ್ಧವಾಯಿತು. ಮಾರ್ಚ್ ಮುಗಿದರೆ ಅವರು ಶಾಲೆ ಬಿಡುತ್ತಾರೆ. ಮಕ್ಕಳೇ ಇಲ್ಲದ ಮೇಲೆ ಮಕ್ಕಳ ಪೆನ್ನು ಕೇಳುವ ಕಿವಿ ಅವರಿಗೆ ಯಾಕೆ? ನನಗಾದರೆ ಇನ್ನು ಇಪ್ಪತ್ತೈದು ವರ್ಷ ಸರ್ವೀಸ್ ಇದೆ. ಇದನ್ನೆಲ್ಲ ನಾನು ಯೋಚಿಸಿದ್ದೇನೆ, ಬರೆದಿಡುತ್ತಿದ್ದೇನೆ. ಕಾರಿಡಾರಿನಲ್ಲಿ ಅವರು ಎದುರಾದರೆ ಪರೀಕ್ಷೆ ಪತ್ರಿಕೆ ನೋಡುವವಳಂತೆ ತಲೆ ತಗ್ಗಿಸುತ್ತಿದ್ದೆ. ಮಕ್ಕಳಿಗೆ ಎಷ್ಟು ಉಪಯೋಗ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ನನಗೆ ಮಕ್ಕಳ ಚಿಂತೆ ಇರಲಿಲ್ಲ. ಯೋಗಾನಂದರ ಅಂಗಿಗಳನ್ನು ಅತ್ತೆ ಯಾರಿಗೋ ಕೊಟ್ಟಾಗ ನನಗೆ ಏನೂ ಅನ್ನಿಸಿರಲಿಲ್ಲ. ಇದೊಂದು ಹೋದರೆ ಅನ್ನಿಸಬಹುದು ಎಂದು ಹೆದರಿಕೆಯಾಗುತ್ತಿತ್ತು.

ಒಂದು ಭಾನುವಾರ ಅತ್ತೆ ಜಗುಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಕ್ಕಿಯ ಸದ್ದು ಬದಲಾಯಿತು. ಎದ್ದು ಹೋಗಿ, ಅವರ ಹಿಂದೆ ಕೂತು, ಹಣೆ ಒತ್ತಿದೆ. ಸ್ವಲ್ಪ ಹೊತ್ತು ಒತ್ತಿಸಿಕೊಂಡರು. ಆಮೇಲೆ ನನ್ನ ಕೈಯನ್ನು ಹಾಗೇ ಹಿಡಿದು, "ತಲೆನೋವು ಅಂತ ನಾನು ಹೇಳ್ಲಿಲ್ಲ," ಎಂದರು.

ನಾನು ಮೊರದ ಅಕ್ಕಿಯನ್ನೇ ನೋಡಿದೆ.

"ಯೋಗಿ ಮಾಡ್ತಿದ್ದ ಹಿಂಗೆ. ಮೊದಲೆಲ್ಲ ಇರ್ಲಿಲ್ಲ. ಕೆಲ್ಸಕ್ಕೆ ಸೇರಿದ್ಮೇಲೆ ಶುರು ಮಾಡ್ದ. ನಾನು, ಸಂಬಳ ಬಂದ್ಮೇಲೆ ಮಗ ಸರಿಹೋದ ಅಂದ್ಕೊಂಡಿದ್ದೆ." ನಕ್ಕರು. "ಬಂದು ಎಷ್ಟು ದಿನ ಆಯ್ತೇ?"

"ಮೂರು ತಿಂಗಳ ಮೇಲಾಯ್ತು."

"ಯಾರದ್ದು ಅಂತ ಗೊತ್ತಾ?"

"ಗಿರಿಜಾಂಬಾ ಟೀಚರ್‌ದು."

ಅತ್ತೆ ಮೊರ ಕೆಳಗಿಟ್ಟರು. "ಅಯ್ಯೋ, ಆ ಯಮ್ಮಂದಾ? ಹದಿಮೂರರ ಊಟದ ದಿನ ಬೆಳಿಗ್ಗೆಯಿಂದ ಬಡಿಸೋಕೆ ನಿಂತಿದ್ರಲ್ಲೇ. ಎಲೆ ಎತ್ತಿದ್ರು. ಹೊರಡುವಾಗ ನಿನ್ನ ತಲೆ ಸವರಿದ್ರು. ಒಂದ್ಸಲಾನಾದ್ರೂ ಬಾಯಿ ಬಿಟ್ರಾ?"

"ಕೊಟ್ಬಿಟ್ರೆ ಏನೂ ಉಳಿಯಲ್ಲ ಅತ್ತೆ."

ಅತ್ತೆ ಬೀದಿಯಲ್ಲಿ ಹೂವಿನವಳು ಹೋಗುವ ತನಕ ನೋಡುತ್ತಿದ್ದರು. "ನಂಗೂ ಆಸೆ ಕಣೇ," ಎಂದರು. "ಇವತ್ತೊಂದಿನ ಇಟ್ಕೊ. ಇನ್ನೊಂಚೂರು ಹಣೆ ಒತ್ತು. ನಾಳೆ ಕೊಟ್ಬಿಡು."

ಮರುದಿನ ಸಂಜೆ ಸ್ಟಾಫ್ ರೂಮಿನಲ್ಲಿ ಗಿರಿಜಾಂಬಾ ಟೀಚರ್ ಒಬ್ಬರೇ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ನಾನು ಎದುರು ಕೂತೆ. ಹೇಗೆ ಶುರುಮಾಡುವುದೆಂದು ತಿಳಿಯದೆ, "ನಿಮ್ಮದೊಂದು ನನ್ನ ಹತ್ರ ಇದೆ ಟೀಚರ್," ಎಂದೆ. ಅವರ ಕೈಯಲ್ಲಿದ್ದ ಬಿಸ್ಕತ್ತು ಟೀ ಲೋಟದೊಳಗೆ ಬಿತ್ತು. ಅದನ್ನು ಚಮಚದಲ್ಲಿ ಎತ್ತುವ ನೆಪದಲ್ಲಿ ಬಹಳ ಹೊತ್ತು ತಲೆ ಬಗ್ಗಿಸಿಕೊಂಡಿದ್ದರು.

"ಗೊತ್ತಿತ್ತು ಕಣೇ," ಎಂದರು ಕೊನೆಗೆ. "ನವೆಂಬರಲ್ಲೇ ಮಕ್ಕಳು ಮಾತಾಡ್ಕೊಳ್ತಿದ್ರು, ಸಮಾಜದ ಮಿಸ್‌ಗೂ ಬೆನ್ನಲ್ಲಿ ಕಣ್ಣು ಬಂದಿದೆ ಅಂತ."

"ಅವರು ಯಾಕೆ ವಾಪಸ್ ಕೊಡ್ಲಿಲ್ಲ?" ಮೂರು ತಿಂಗಳಿಂದ ನನ್ನೊಳಗೆ ಇದ್ದದ್ದು ಇದೇ ಪ್ರಶ್ನೆ.

"ಬರ್ತಿದ್ದ ಪಾಪ. ಒಂಬತ್ತು ವರ್ಷದ ಹಿಂದೆ ಕೆಲ್ಸಕ್ಕೆ ಸೇರ್ದಾಗ ಅವನ ಕ್ಲಾಸಲ್ಲಿ ಅರ್ಧ ಮಕ್ಕಳು ಫೇಲು. ಇಲ್ಲೇ ಕೂತು, ಈ ಕುರ್ಚೀಲೇ, ಅತ್ತಿದ್ದ. ಗಂಡಸರು ಅಳೋದು ನೋಡಿದ್ದೆ, ಪರರ ಮಕ್ಕಳು ಫೇಲಾದ್ರು ಅಂತ ಅಳೋದು ನೋಡಿರ್ಲಿಲ್ಲ. ಅವನು ಕೇಳ್ಲಿಲ್ಲ, ನಾನೇ ಕೊಟ್ಟೆ. ಒಂದು ವರ್ಷಕ್ಕೆ ಅಂತ. ಆಮೇಲೆ ಪ್ರತಿ ದಸರಾ ರಜೇಲೂ ಮನೆಗೆ ಬರ್ತಿದ್ದ. ಕಾಫಿ ಕುಡೀತಿದ್ದ. ಅದು ಇದು ಮಾತಾಡ್ತಿದ್ದ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, 'ಈ ಬ್ಯಾಚ್ ಒಂದು ಆಗ್ಲಿ ಟೀಚರ್' ಅನ್ನೋನು. ಮದುವೆ ಆದ ವರ್ಷ ಮಾತ್ರ ಕೊಟ್ಟು ಹೋಗ್ತೀನಿ ಅಂತಾನೇ ಬಂದ. ಎದುರು ಕೂತ. ಶುರುನೂ ಮಾಡ್ದ. ಮಧ್ಯದಲ್ಲಿ ನಿಲ್ಲಿಸಿ, 'ಟೀಚರ್, ಅವಳು ಬಾಯಿಬಿಟ್ಟು ಏನೂ ಹೇಳೋದೇ ಇಲ್ಲ. ಇದು ಇಲ್ದಿದ್ರೆ ಅವಳು ನಂಗೆ ಹೆಂಗೆ ಗೊತ್ತಾಗ್ಬೇಕು?' ಅಂದ."

ನನ್ನ ಕೈ ಮೇಜಿನ ಮೇಲಿತ್ತು. ಅದನ್ನೇ ನೋಡುತ್ತಿದ್ದೆ.

"ನಂಗೆ ನಗು ಬಂತು. ಹೋಗಯ್ಯ, ಇಟ್ಕೊ ಅಂದೆ," ಎಂದರು ಅವರು. "ಕಿವಿ ನಂದು ಇರ್ಬಹುದು. ಹೆಂಡತಿ ಹೆಚ್ಚೋ ಈರುಳ್ಳಿ ಕೇಳಿಸ್ಕೋಬೇಕು ಅಂತ ನಾನೇನು ಹೇಳ್ಕೊಟ್ಟಿರ್ಲಿಲ್ಲ."

ಮರುದಿನ ಮೂರನೆಯ ಪೀರಿಯಡ್‌ನಲ್ಲಿ ನಾನೂ ಅವರೂ ಏಳನೆಯ ತರಗತಿಗೆ ಒಟ್ಟಿಗೆ ಹೋದೆವು. ಸ್ಮಾರ್ಟ್ ಬೋರ್ಡ್ ಬೇಡ, ಕರಿಹಲಗೆಯೇ ಸಾಕು ಎಂದೆ. ಅವರು ಮತ್ತೆ ಭಿನ್ನರಾಶಿಯ ಭಾಗಾಕಾರ ಬರೆದರು. ಮಕ್ಕಳು ಬರೆದುಕೊಳ್ಳತೊಡಗಿದಾಗ ಇಬ್ಬರೂ ಮಕ್ಕಳಿಗೆ ಬೆನ್ನು ಹಾಕಿ, ಹಲಗೆಗೆ ಮುಖ ಮಾಡಿ, ಪಕ್ಕಪಕ್ಕದಲ್ಲಿ ನಿಂತೆವು. ಈ ವಿದ್ಯೆಯನ್ನು ನನಗೆ ಯಾರೂ ಕಲಿಸಿರಲಿಲ್ಲ, ತಾನಾಗಿ ಬಂದದ್ದು. ಈಗ ಅದನ್ನು ಮಾತಿನಲ್ಲಿ ಹೇಳಬೇಕಿತ್ತು. ಅಷ್ಟು ಮಾತನ್ನು ನಾನು ಆ ವರ್ಷದಲ್ಲಿ ಯಾರ ಹತ್ತಿರವೂ ಆಡಿರಲಿಲ್ಲ.

"ಮೊದಲು ಎಲ್ಲಾ ಒಟ್ಟಿಗೆ ಕೇಳಿ ಟೀಚರ್. ಈಗ ಎಡಗಡೆ ಮೂಲೆ ಒಂದನ್ನೇ ಕೇಳಿ. ಓಡ್ತಿದೆಯಲ್ಲ, ಅದು ಬಿಡಿ, ಅವನಿಗೆ ಗೊತ್ತು. ಅದರ ಪಕ್ಕದ್ದು... ಟಕ್, ಟಕ್, ಅಂತ ಮಧ್ಯೆ ಎತ್ತಿಡ್ತಿದೆ."

"ಎಲ್ಲಾ ಒಂದೇ ಥರ ಇದೆ ಕಣೇ."

"ಇಲ್ಲ ಟೀಚರ್. ತಲೆಕೆಳಗು ಮಾಡಿ ಗುಣಿಸಿ ಅಂತ ಬರೆದಿದ್ದೀರಲ್ಲ, ಆ ಸಾಲಿಗೆ ಬಂದಾಗ ನೋಡಿ. ಅಲ್ಲಿ ನಡಿಗೆ ಬದಲಾಗುತ್ತೆ."

ಅವರು ಕಣ್ಣು ಮುಚ್ಚಿಕೊಂಡರು. ಸೀಮೆಸುಣ್ಣ ಹಿಡಿದ ಬೆರಳು ಗಾಳಿಯಲ್ಲಿ ಸ್ವಲ್ಪ ಸ್ವಲ್ಪವೇ ಆಡತೊಡಗಿತು, ಯಾವುದೋ ಪೆನ್ನಿನ ಜೊತೆಗೆ. ನಾನು ಹೇಳುತ್ತ ಹೋದೆ. ಎರಡನೆಯ ಸಾಲಿನ ಒಣಗಿದ ರೀಫಿಲ್ಲು, ಬಾಗಿಲ ಪಕ್ಕದಲ್ಲಿ ಉಸಿರು ಬಿಟ್ಟು ಮುಂದುವರಿಯುವ ಹುಡುಗ, ಬರೆದು ಬರೆದು ಹೊಡೆದುಹಾಕುವ ಹುಡುಗಿ. ಹೇಳಿದ ಒಂದೊಂದೂ ನನಗೆ ಮಸುಕಾಗುತ್ತಿತ್ತು. ಐದನೆಯ ಬೆಂಚಿನ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಅಲ್ಲಿ ಏನಿತ್ತೆಂದು ಗೊತ್ತಾಗಲಿಲ್ಲ. ನನ್ನ ಬೆನ್ನ ಹಿಂದೆ ಒಂದು ತರಗತಿ ಬರೆಯುತ್ತಿತ್ತು, ಅಷ್ಟೇ.

ಗಿರಿಜಾಂಬಾ ಟೀಚರ್ ಕಣ್ಣು ತೆರೆದರು. ತಿರುಗಲಿಲ್ಲ. "ಐದನೇ ಬೆಂಚು," ಎಂದರು, ಒಂಬತ್ತು ವರ್ಷ ಬಳಸದ ದನಿಯಲ್ಲಿ, "ನಾಲ್ಕರಲ್ಲಿ ಅರ್ಧ ಎಷ್ಟು ಸಲ ಇದೆ ಅಂತ ಕೇಳ್ಕೊ ಮಗು. ಎಷ್ಟು ಅರ್ಧ ಚಪಾತಿ ಆಗುತ್ತೆ?"

"ಎಂಟು ಮಿಸ್!" ಎಂದಿತು ಐದನೆಯ ಬೆಂಚು.

ತರಗತಿಯಲ್ಲಿ ಗುಸುಗುಸು ಎದ್ದಿತು. ರೇಡಿಯೋ ಟೀಚರ್ ನಗುತ್ತಿದ್ದರು. ಹಲಗೆಯ ಕಡೆಗೇ ಮುಖ ಮಾಡಿ ಒಬ್ಬೊಬ್ಬರನ್ನೇ ಮಾತಾಡಿಸುತ್ತ ಹೋದರು. ನನ್ನ ಕೆಲಸ ಮುಗಿದಿತ್ತು. ಹೊರಗೆ ಹೋಗಬಹುದಿತ್ತು. ಕಾಲು ಬಾಗಿಲ ಕಡೆ ಹೋಗದೆ ಕೊನೆಯ ಬೆಂಚಿನ ಕಡೆ ಹೋಯಿತು. ಸಹನಾ ಜರುಗಿ ಜಾಗ ಕೊಟ್ಟಳು. ನಾನು ನನ್ನ ಪಾಠಟಿಪ್ಪಣಿಯ ಪುಸ್ತಕ ತೆಗೆದು, ಎಲ್ಲರ ಹಾಗೆ ಹಲಗೆ ನೋಡಿ ಬರೆದುಕೊಳ್ಳತೊಡಗಿದೆ. ಎರಡು ಸಾಲು ಬರೆದೆ. ಮೂರನೆಯ ಸಾಲಿನ ನಡುವೆ ಕೈ ನಿಂತಿತು. ಯಾಕೆಂದು ನನಗೆ ತಿಳಿಯಲಿಲ್ಲ.

ಹಲಗೆಯ ಮೇಲಿನ ಸೀಮೆಸುಣ್ಣವೂ ನಿಂತಿತು.

"ಕೊನೇ ಬೆಂಚು," ಎಂದರು ಗಿರಿಜಾಂಬಾ ಟೀಚರ್, ಮೆಲ್ಲಗೆ, ಬೆನ್ನು ತಿರುಗಿಸಿಕೊಂಡೇ. "ಎಲ್ಲಿ ನಿಂತೆ ಮರಿ?"

ಮೂವತ್ತೆಂಟು ಮಕ್ಕಳೂ ತಿರುಗಿ ನನ್ನನ್ನು ನೋಡಿದರು.

"ಅರ್ಥ ಆಗ್ಲಿಲ್ಲ ಟೀಚರ್," ಎಂದೆ. ಪುಸ್ತಕದ ಮೇಲೆ ಒಂದು ಹನಿ ಬಿದ್ದಿತ್ತು.

"ಯಾವ ಸಾಲು?"

"ಯಾವುದೂ ಅರ್ಥ ಆಗ್ಲಿಲ್ಲ."

ಅವರು ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಒರೆಸಿದರು. "ಪರವಾಗಿಲ್ಲ. ಮೊದಲಿಂದ ಹೇಳ್ತೀನಿ," ಎಂದರು. ಪಕ್ಕದಲ್ಲಿ ಸಹನಾ ತನ್ನ ಕರ್ಚೀಫನ್ನು ನನ್ನ ಪುಸ್ತಕದ ಮೇಲಿಟ್ಟು, ಕಿವಿಯ ಹತ್ತಿರ ಬಂದು, "ನಂಗೂ ಆಗಿರ್ಲಿಲ್ಲ ಮಿಸ್," ಎಂದು ಪಿಸುಗುಟ್ಟಿದಳು.

"ಗೊತ್ತು ಸಹನಾ," ಎಂದರು ಹಲಗೆಯ ಹತ್ತಿರದಿಂದ ಗಿರಿಜಾಂಬಾ ಟೀಚರ್. "ಮಿಸ್‌ಗೂ ತೋರ್ಸು, ಇಬ್ರೂ ಸೇರಿ ಬರ್ಕೊಳಿ."